ಒಂಬತ್ತನೆಯ ಪದಾರ್ಥ

ಕಲ್ಯಾಣಪುರ
ಭಾನುವಾರ, 23-9-1984

ಪ್ರೀತಿಯ ಲತಾ,

ನೀನೂ, ಪ್ಲಾಸ್ಟರು ಹಾಕಿಸಿಕೊಂಡ ನಿನ್ನ ಕಾಲೂ ಕ್ಷೇಮವೆಂದು ನಂಬಿದ್ದೇನೆ. ಹಬ್ಬ ಕಳೆದು ಹದಿನೈದು ದಿನವಾದರೂ ನನ್ನಿಂದ ಒಂದು ಕಾಗದವಿಲ್ಲ ಎಂದು ಕಾರ್ಕಳದಲ್ಲಿ ಕುಳಿತು ನನಗೆ ಬೈದಿರುತ್ತಿ. ಬೈ. ಆದರೆ ಪೂರ್ತಿ ಓದಿ ಬೈ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಅಮೆರಿಕದಿಂದ ಬಂದ ಮೂವರು. ಪೆನ್ನು ಹಿಡಿಯಲು ಪುರುಸೊತ್ತೇ ಇರಲಿಲ್ಲ.

ಹೌದು, ಲಿಯೋನೆಲ್ ಬಂದ. ನಾವಿಬ್ಬರೂ ಶಾಲೆಗೆ ಹೋಗುವಾಗ ಚಡ್ಡಿ ಜಾರಿಸಿಕೊಂಡು ಹಿಂದೆ ಓಡಿಬರುತ್ತಿದ್ದ ನನ್ನ ತಮ್ಮನಿಗೆ ಈಗ ಅರ್ಧ ತಲೆ ಬೋಳು. ಹಡಗಿನ ಅಡುಗೆಯವನಾಗಿ ಹೋದವನು ಹನ್ನೆರಡು ವರ್ಷದ ಮೇಲೆ ಹೆಂಡತಿ ಓಡಿಲ್ ಮತ್ತು ಆರು ವರ್ಷದ ಮಗಳನ್ನು ಕರೆದುಕೊಂಡು ಟ್ಯಾಕ್ಸಿಯಿಂದ ಇಳಿದ. ಓಡಿಲ್‌ಳ ಊರು ಲೂಯಿಸಿಯಾನ. ಅವಳ ಜನರನ್ನು ಕೇಜನ್ ಎನ್ನುತ್ತಾರಂತೆ. ಅವರೂ ನಮ್ಮ ಹಾಗೆ ಕ್ರಿಸ್ತುವರು, ನಮ್ಮ ಹಾಗೆಯೇ ಅನ್ನ, ಸಿಗಡಿ, ಏಡಿ ತಿನ್ನುವವರು. ಮನೆಯ ಹಿಂದೆ ನಮ್ಮ ಸ್ವರ್ಣಾ ನದಿಯಂಥದೇ ನೀರು, ಮುಂದೆ ಭತ್ತದ ಗದ್ದೆ. "ಮತ್ತೆ ಅಷ್ಟು ದೂರ ಯಾಕೆ ಹೋದಿ ಮಾರಾಯ, ಇಲ್ಲಿಯೇ ಒಬ್ಬಳು ಸಿಗುತ್ತಿರಲಿಲ್ಲವಾ?" ಎಂದು ನಾನು ಕೇಳಿದೆ. ಅವನು ನಕ್ಕ. ಅಮ್ಮ ನಗಲಿಲ್ಲ.

ಅಮ್ಮ ಹೇಗೆ ನಗುತ್ತಾಳೆ ಹೇಳು. ಬಾರ್ಕೂರಿನ ಹುಡುಗಿಯೊಂದಿಗೆ ಇವನ ಮದುವೆಯ ದಿನ ಗೊತ್ತಾದ ಮೇಲೆ, ಅಲ್ಲಿಯೇ ಮದುವೆಯಾದೆ ಎಂದು ಅಮೆರಿಕದಿಂದ ಇವನ ಕಾಗದ ಬಂದದ್ದು ನಿನಗೂ ನೆನಪುಂಟು. ಆ ದಿನ ಅಮ್ಮ ಹೇಳಿದಳು, "ಇನ್ನು ನನ್ನ ಮನೆಯ ಹೊಸ ಅಕ್ಕಿ ಅವನಿಗಿಲ್ಲ." ನಿಮ್ಮಲ್ಲಿ ಹೊಸ ತೆನೆಯ ಕುರಲು ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಹಾಗೆಯೇ ನಮಗೆ ಮರಿಯಮ್ಮನ ಮೊಂತಿ ಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ತೆನೆಯ ಕಾಳನ್ನು ಹಾಲಿಗೆ ಹಾಕಿ ಮನೆಯ ಹಿರಿಯರು ಕೈಯಾರೆ ಕೊಡಬೇಕು. ಪರವೂರಲ್ಲಿದ್ದವರಿಗೆ ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸಬೇಕು. ಯಾರಿಗೆ ಕೊಡಲಿಲ್ಲವೋ ಅವರು ಮನೆಯವರಲ್ಲ.

ಅಮ್ಮ ಕಳಿಸಲಿಲ್ಲ. ನಾನು ಕಳಿಸಿದೆ. ಅಮ್ಮನಿಗೆ ಬರೆಯಲು ಬರುವುದಿಲ್ಲ, ಅವಳು ಹೇಳಿದ್ದನ್ನು ನಾನು ಬರೆಯುವುದು ಎಂದು ಲಿಯೋನೆಲನಿಗೆ ಮೊದಲಿನಿಂದ ಗೊತ್ತು. ಹಾಗಾಗಿ "ಪ್ರೀತಿಯ ಮಗನೇ" ಎಂದು ಹೇಳದ್ದನ್ನೂ ಬರೆದೆ. ವರ್ಷಕ್ಕೊಂದರಂತೆ ಹನ್ನೊಂದು ಕಾಗದ. ನಮ್ಮೂರ ಅಂಚೆಯನ್ನು ನಂಬುವ ಹಾಗಿಲ್ಲ ಎಂದು ನಾನು ಬರೆದ ನೆಪಕ್ಕೆ ಅವನ ಉತ್ತರಗಳು ನಿನ್ನ ವಿಳಾಸಕ್ಕೆ ಬಂದವು. ಅಂತೂ ಈ ಕಳ್ಳತನದಲ್ಲಿ ನಿನಗೂ ಪಾಲುಂಟು ಲತಾ, ಈಗ ಕಾಲುನೋವೆಂದು ತಪ್ಪಿಸಿಕೊಳ್ಳಬೇಡ.

ಅವರು ಬರುವ ಸುದ್ದಿ ಹೇಳಿದಾಗ ಅಮ್ಮ, "ಬರಲಿ. ಬಂದವರಿಗೆ ಬಾಗಿಲು ಹಾಕುವವಳಲ್ಲ ನಾನು. ಆದರೆ ಹೊಸ ಅಕ್ಕಿ ಕೊಡಲಿಕ್ಕಿಲ್ಲ," ಎಂದಳು. ನನಗೆ ಎರಡು ಹೆದರಿಕೆ. ಕೊಡದಿದ್ದರೆ ಎಂತ ಮಾಡುವುದು ಎಂದು ಒಂದು. ಕಾಳಿನ ಮಾತು ಅವನ ಬಾಯಿಂದಲೇ ಬಂದು, ನನ್ನ ಕಳ್ಳತನ ಹೊರಬಿದ್ದು, ಕೊಡುವ ಮನಸ್ಸಿದ್ದರೂ ಅಮ್ಮ ಸಿಟ್ಟಿನಲ್ಲಿ ಕೊಡದಿದ್ದರೆ ಎಂದು ಇನ್ನೊಂದು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ವಾರವಿಡೀ ಅಮ್ಮನನ್ನೂ ಲಿಯೋನೆಲನನ್ನೂ ಒಂದೇ ಕೋಣೆಯಲ್ಲಿ ಬಿಡದೆ ಕಾದೆ.

ಓಡಿಲ್‌ಗೆ ಇದೊಂದೂ ಗೊತ್ತಿಲ್ಲ. ಎತ್ತರದ ಹೆಂಗಸು, ಮುಖದ ತುಂಬ ಚುಕ್ಕೆ, ಕುಳಿತಲ್ಲಿ ಕುಳಿತುಕೊಳ್ಳುವವಳಲ್ಲ. ಹಬ್ಬದ ಮುನ್ನಾದಿನ ಬೆಳಗ್ಗೆ ಮೀನು ಮಾರುವ ಅಕ್ಕು ಬಂದಾಗ ಬುಟ್ಟಿಗೆ ಕೈ ಹಾಕಿ ಹನ್ನೆರಡು ಏಡಿ ಆರಿಸಿದಳು. ನಾಳೆ ತನ್ನೂರಿನ ಗುಂಬೊ ಮಾಡಿ ಅತ್ತೆಗೆ ಬಡಿಸುತ್ತಾಳಂತೆ. ಗುಂಬೊ ಎಂದರೆ ಹಿಟ್ಟನ್ನು ಕೆಂಪಗೆ ಹುರಿದು ಮಾಡುವ ದಪ್ಪ ಸಾರು, ಅನ್ನದ ಮೇಲೆ ಸುರಿದು ತಿನ್ನುವುದು. ನಾನು ಬಾಯಿ ಬಿಡುವ ಮೊದಲೇ ಅಕ್ಕು ಏಡಿಗಳನ್ನು ವಾಪಸು ಬುಟ್ಟಿಗೆ ಹಾಕಿಕೊಂಡಳು. "ನಾಳೆ ನಿಮ್ಮ ಮೊಂತಿ ಹಬ್ಬ ಅಲ್ವಾ? ಮೀನು ಮುಟ್ಟಲಿಕ್ಕುಂಟಾ? ಈ ದೊರೆಸಾನಿಗೆ ಯಾರೂ ಹೇಳಲಿಲ್ಲವಾ?" ಎಂದು ನನಗೇ ಪಾಠ ಮಾಡಿದಳು.

ಓಡಿಲ್ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, ತಮ್ಮಲ್ಲಿ ಈಸ್ಟರ್ ಮೊದಲಿನ ಉಪವಾಸದ ವಾರ ಮೀನು ಮಾಂಸವಿಲ್ಲದೆ ಸೊಪ್ಪಿನ ಗುಂಬೊ ಮಾಡುತ್ತಾರೆ, ಅದನ್ನೇ ಮಾಡುತ್ತೇನೆ ಎಂದು ಲಿಯೋನೆಲನ ಬಾಯಲ್ಲಿ ಹೇಳಿಸಿದಳು. "ಮಾಡಲಿ. ಅಡುಗೆಮನೆಯಲ್ಲೇ ಮುಚ್ಚಿಡಲಿ," ಎಂದಳು ಅಮ್ಮ.

ಹಬ್ಬದ ಬೆಳಗ್ಗೆ ಅಡುಗೆಮನೆಯಲ್ಲಿ ಆದದ್ದನ್ನು ನೀನು ನೋಡಬೇಕಿತ್ತು. ಓಡಿಲ್ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಮೈದಾ ಹಾಕಿ, ತಿರುವುತ್ತಾ ನಿಂತಳು. ಕಾಲು ಗಂಟೆ ತಿರುವಿದಳು, ಹಿಟ್ಟು ಕೆಂಪಾಯಿತು. ಇನ್ನೂ ತಿರುವಿದಳು, ಅದು ಕಾಫಿಪುಡಿಯ ಬಣ್ಣಕ್ಕೆ ಬಂತು. ಅವಳು ಸೊಪ್ಪು ತರಲು ಹಿತ್ತಿಲಿಗೆ ಇಳಿದದ್ದೇ ತಡ, ಅಮ್ಮ ಬಂದು, "ದೇವರೇ, ಹಿಟ್ಟು ಕರಟಿಸಿದಳು, ಪಾಪ," ಎಂದು ಬಾಣಲೆ ಇಳಿಸಿ, ಎಲ್ಲವನ್ನೂ ಬಾಳೆಬುಡಕ್ಕೆ ಚೆಲ್ಲಿ, ತಿಕ್ಕಿ ತೊಳೆದು ಇಟ್ಟಳು. ಸೊಸೆಗೆ ಮಾಡಿದ ಮೊದಲ ಉಪಕಾರ ಅದು! ವಾಪಸು ಬಂದ ಓಡಿಲ್ ಹೊಳೆಯುವ ಬಾಣಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮತ್ತೆ ಎಣ್ಣೆ ಕಾಯಲಿಟ್ಟಳು. ಈ ಸಲ ಒಲೆ ಬಿಟ್ಟು ಒಂದು ಹೆಜ್ಜೆಯೂ ಅಲುಗಲಿಲ್ಲ.

ಅಮ್ಮ ತೆಂಗಿನಕಾಯಿ ತುರಿಯುವ ನೆಪದಲ್ಲಿ ಅಲ್ಲೇ ಕುಳಿತಳು. ಓಡಿಲ್ ಸೊಪ್ಪುಗಳನ್ನು ಬೇರೆ ಬೇರೆ ರಾಶಿ ಮಾಡಿ ಎಣಿಸುತ್ತಿದ್ದಳು. ಹರಿವೆ, ಬಸಳೆ, ನುಗ್ಗೆ, ಮೂಲಂಗಿ, ಒಂದೆಲಗ, ಕುಂಬಳದ ಚಿಗುರು. ಆರು. ತಲೆ ಅಲ್ಲಾಡಿಸಿ ಮತ್ತೆ ಹಿತ್ತಿಲಿಗೆ ಹೋಗಿ ಗೆಣಸಿನ ಚಿಗುರು ತಂದಳು. "ಆರು ಸಾಕಿತ್ತಲ್ಲ, ಕೇಳು ಅವಳಿಗೆ," ಎಂದಳು ಅಮ್ಮ. ನಾನು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದೆ. ಸೊಪ್ಪು ಬೆಸ ಸಂಖ್ಯೆಯಲ್ಲೇ ಇರಬೇಕು, ಸಮ ಆದರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ.

ತುರಿಯುತ್ತಿದ್ದ ಅಮ್ಮನ ಕೈ ನಿಂತಿತು. ಮೊಂತಿ ಹಬ್ಬದ ಎಲೆಗೆ ಪದಾರ್ಥ ಐದೋ ಏಳೋ ಒಂಬತ್ತೋ, ಬೆಸವೇ ಆಗಬೇಕೆಂದು ಎಪ್ಪತ್ತು ವರ್ಷ ಎಣಿಸಿದವಳು ಅವಳು. "ಅಜ್ಜಿ ತಿಳಿದವಳು," ಎಂದಳು, ಮತ್ತೆ ತುರಿಯಲು ಶುರುಮಾಡಿದಳು.

ಪೂಜೆ ಮುಗಿಸಿ ತೆನೆ ತಂದೆವು. ಲಿಯೋನೆಲನ ಮಗಳು ಹೂವಿನ ಬುಟ್ಟಿ ಹಿಡಿದು ಊರ ಮಕ್ಕಳ ಜೊತೆ ನಡೆದಳು, ನಮ್ಮದೇ ಮಗು ಎನ್ನುವ ಹಾಗೆ. ಎಲೆ ಹಾಕಿ ಬಡಿಸುವ ಹೊತ್ತಿಗೆ ಅಮ್ಮ ಒಳಗಿನಿಂದ, "ವೆರೊನಿಕಾ, ಸೌತೆಕಾಯಿಯ ಪದಾರ್ಥ ಕಹಿ, ದನಕ್ಕೆ ಹಾಕಿದೆ," ಎಂದು ಕೂಗಿದಳು. ಒಂಬತ್ತು ಮಾಡಿದ್ದೆವು, ಈಗ ಎಂಟಾಯಿತು. "ಎಂಟು ಬಡಿಸಲಿಕ್ಕುಂಟಾ? ಅವಳದ್ದನ್ನು ತಾ," ಎಂದಳು. ನಾನು ಗುಂಬೊ ತರಲು ಹೋದಾಗ ಮಣೆಯ ಮೇಲೆ ಸೌತೆಯ ಒಂದು ತುಂಡು ಉಳಿದಿತ್ತು, ಬಾಯಿಗೆ ಹಾಕಿದೆ. ಕಹಿಯೂ ಇಲ್ಲ, ಎಂತದೂ ಇಲ್ಲ. ಎಳೆ ಸೌತೆ, ಸಿಹಿ.

ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಆದರೆ ಎಲೆಗೆ ಬಡಿಸುವುದು ಬೇರೆ, ಹೊಸ ಅಕ್ಕಿ ಕೊಡುವುದು ಬೇರೆ. ಅಮ್ಮ ಹಾಲಿನ ಬಟ್ಟಲು ಹಿಡಿದು ಬಂದಳು. ನನಗೆ ಕೊಟ್ಟಳು. ಮಗುವಿಗೆ ಕೊಟ್ಟಳು. ಲಿಯೋನೆಲನ ಎದುರು ನಿಂತಳು, ಚಮಚ ಬಟ್ಟಲಲ್ಲೇ ಉಳಿಯಿತು. ಆಗಲೇ ಓಡಿಲ್, ಏನೂ ಅರಿಯದವಳು, ಒಂದು ಮಾತ್ರೆಯ ಡಬ್ಬಿ ತೆರೆದು ಅಮ್ಮನ ಮುಂದೆ ಹಿಡಿದಳು. ಒಳಗೆ ಹನ್ನೊಂದು ಭತ್ತದ ಕಾಳು. ಲಿಯೋನೆಲ್ ಹೇಳಿದ, "ನೀನು ಕಳಿಸಿದ್ದು, ಮಾಂಯ್. ಪ್ರತಿ ವರ್ಷ ಉಳಿದದ್ದು ತಿಂದು ಒಂದೊಂದು ತೆಗೆದಿಟ್ಟಳು ಇವಳು."

ಅಮ್ಮ ಡಬ್ಬಿಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಎಲೆಯ ಮೇಲಿನ ಉಪ್ಪನ್ನು ನೋಡಿದೆ. ಆಮೇಲೆ ಅವಳು ಒಂದು ಕಾಳನ್ನು ಎತ್ತಿ ಬೆರಳಲ್ಲಿ ಒತ್ತಿದಳು. "ಇದು ಜೊಳ್ಳು. ಎರಡು ವರ್ಷ ಹಿಂದಿನದ್ದು ಇರಬೇಕು, ಆ ಸಲ ಮಳೆ ತೆನೆ ತುಂಬಲು ಬಿಡಲಿಲ್ಲ. ನೋಡಿ ಕಳಿಸಬೇಕಿತ್ತು ನಾನು," ಎಂದಳು. ಚಮಚ ತುಂಬಿಸಿ ಮೊದಲು ಓಡಿಲ್‌ಳ ಬಾಯಿಗೆ, ಮತ್ತೆ ಮಗನ ಬಾಯಿಗೆ ಕೊಟ್ಟಳು. ಗುಂಬೊವನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. "ಕರಟಿದ ಹಿಟ್ಟಿಗೂ ರುಚಿ ಉಂಟು," ಎಂದಳು.

ಮಧ್ಯಾಹ್ನ ಪಾತ್ರೆ ತೊಳೆಯುವಾಗ ನನ್ನನ್ನು ಹಿಡಿದಳು. "ನನ್ನ ಹೆಸರಿನಲ್ಲಿ ಎಂತೆಂತ ಬರೆದಿದ್ದಿ, ಹೇಳು. ನಾಳೆ ಅವನು ಕೇಳಿದರೆ ನನಗೆ ಗೊತ್ತಿರಬೇಕಲ್ಲ." ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ಹನ್ನೊಂದು ಕಾಗದವನ್ನೂ ನೆನಪಿನಿಂದ ಒಪ್ಪಿಸಿದೆ. ಐದನೆಯದರಲ್ಲಿ, ಹಬ್ಬದ ದಿನ ನಿನ್ನ ನೆನಪಾಗಿ ಊಟ ಸೇರಲಿಲ್ಲ ಎಂದು ಬರೆದಿದ್ದೆ ಎಂದಾಗ ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕವುಚಿಟ್ಟಳು. "ಅದು ಸುಳ್ಳಲ್ಲ, ಬಿಡು," ಎಂದಳು.

ಮೊನ್ನೆ ಶುಕ್ರವಾರ ಅವರು ಹೊರಟರು. ಅಮ್ಮ ಓಡಿಲ್‌ಗೆ ತನ್ನ ಹಳೆಯ ಬಾಣಲೆ ಕೊಟ್ಟಿದ್ದಾಳೆ. ನಿನ್ನ ಪಾಲಿನ ಕಾಳು ಈ ಕಾಗದದ ಮಡಿಕೆಯಲ್ಲುಂಟು. ಹಾಲಿಗೆ ಹಾಕಿ ಕುಡಿ. ನಿನ್ನ ಮನೆಯಲ್ಲಿ ಅನ್ನಕ್ಕೂ ನಗೆಗೂ ಕೊರತೆಯಾಗದಿರಲಿ, ನಿನ್ನ ಕಾಲು ಬೇಗ ನೆಲಕ್ಕೆ ಊರಲಿ. ಅಮ್ಮನೂ ಹರಸಿದ್ದಾಳೆ. ಇದು ಅವಳೇ ಹೇಳಿದ್ದು, ನಾನು ಸೇರಿಸಿದ್ದಲ್ಲ.

ನಿನ್ನ
ವೆರೊನಿಕಾ

ಮತ್ತೊಂದು ಮಾತು. ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆಯನ್ನು ಎರಡು ದಿನ ಅಂಟಿಸದೆ ಇಟ್ಟೆ. ಹಬ್ಬದ ಮರುದಿನ ಎಲ್ಲರೂ ಕಾಪುವಿಗೆ ಹೋಗಿದ್ದೆವು. ಓಡಿಲ್ ಮತ್ತು ಮಗು ನೀರಿಗಿಳಿದಾಗ ದೀಪಸ್ತಂಭದ ಬಂಡೆಯ ಮೇಲೆ ಲಿಯೋನೆಲ್ ನನ್ನ ಪಕ್ಕ ಕುಳಿತು ಕೇಳಿದ, "ಅಕ್ಕಾ, ಹನ್ನೊಂದು ವರ್ಷ ನಿನ್ನ ಅಕ್ಷರ ನೋಡಿದೆ. ಮಾಂಯ್ ಹೇಳಿದ್ದನ್ನೆಲ್ಲ ಬರೆದಿ. ಕೆಳಗೆ ನಿನ್ನದೊಂದು ಸಾಲು ಯಾವತ್ತೂ ಬರೆಯಲಿಲ್ಲ. ಮಾಂಯ್ ಕ್ಷಮಿಸಿದಳು, ನಿನಗೆ ಮಾತ್ರ ನನ್ನ ಮೇಲೆ ಅಷ್ಟು ಸಿಟ್ಟು ಉಂಟಾ?" ನಿಜ ಹೇಳಿದರೆ ಅವನಿಗೆ ಅಮ್ಮನ ಹನ್ನೊಂದು ವರ್ಷ ಇಲ್ಲವಾಗುತ್ತದೆ. "ಕಾಗದದಲ್ಲಿ ಜಾಗ ಸಾಲುತ್ತಿರಲಿಲ್ಲ ಮಾರಾಯ," ಎಂದೆ. ಅವನು ತಲೆಯಾಡಿಸಿ ಸಮುದ್ರದ ಕಡೆ ನೋಡಿದ. ಹಬ್ಬದ ದಿನ ಊಟ ಸೇರದೆ ಇದ್ದವಳು ನಾನೂ ಆಗಿದ್ದೆ, ಲತಾ. ನಿನ್ನೆ ಅವನಿಗೆ ನನ್ನದೇ ಒಂದು ಕಾಗದ ಬರೆಯೋಣ ಎಂದು ಕುಳಿತೆ. "ಪ್ರೀತಿಯ ತಮ್ಮ" ಎಂದು ಬರೆದೆ. ಮುಂದೆ ಎಂತ ಬರೆದರೂ ಅದನ್ನು ಅಮ್ಮನ ಹೆಸರಿನಲ್ಲಿ ಆಗಲೇ ಬರೆದು ಆಗಿದೆ.