ಕೊನೆಯ ಕುರ್ಚಿ

ಪೂಜ್ಯ ಫಾದರ್ ಅವರಿಗೆ,

ಹನಕೆರೆಯಿಂದ ನಿಮ್ಮ ಉಪದೇಶಿ ಸೌರಪ್ಪ ಮಾಡುವ ನಮಸ್ಕಾರ.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿನ ಪವಿತ್ರ ಗುರುವಾರ, ನಿಮಗೆ ಮಂಡಿನೋವೆಂದು ಹನ್ನೆರಡು ಜನರ ಪಾದ ತೊಳೆಯಲು ನನಗೆ ಹೇಳಿದಿರಿ. ಮುಖ ನೋಡಬೇಡ, ಯಾರ ಕಾಲಾದರೂ ತೊಳೆ, ಅದೇ ದೀನತೆ ಎಂದಿರಿ. ಹಾಗೇ ಮಾಡಿದೆ. ಪೂಜೆ ಮುಗಿದ ಮೇಲೆ, "ಕೊನೇ ಕುರ್ಚಿ ಖಾಲಿಯಿತ್ತಲ್ಲ, ಅದರ ಮುಂದೆ ಯಾಕೆ ಬಗ್ಗಿದ್ದೆ?" ಎಂದು ಕೇಳಿದಿರಿ. ನಾನು ಬೇಸಿನ್ ಎತ್ತಿಕೊಂಡು ನೀರು ಚೆಲ್ಲಲು ಹೋದೆ.

ಅದು ಖಾಲಿಯಿರಲಿಲ್ಲ, ಫಾದರ್. ಅಲ್ಲಿದ್ದ ಕಾಲು ತಣ್ಣಗಿತ್ತು. ಎಷ್ಟು ತೊಳೆದರೂ ನಾಲೆಯ ಕೆಸರು ಬರುತ್ತಲೇ ಇತ್ತು. ಕಬ್ಬಿನ ಗಾಡಿ ಹರಿದು ಹೆಬ್ಬೆರಳು ಹೋದ ಕಾಲು ಅದು. ಹೋದ ವರ್ಷ ನಾಲೆಯಲ್ಲಿ ಮುಳುಗಿ ಸತ್ತ ನಮ್ಮೂರ ಇನ್ನಾಸಪ್ಪನದು. ನೀವು ಹೇಳಿದಂತೆ ತಲೆಯೆತ್ತದೆ ಒರೆಸಿ ಮುತ್ತಿಟ್ಟೆ.

ಇವತ್ತು ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಒಂದು ಬೇಸಿನ್ ನೀರು ಇತ್ತು. ನನ್ನ ಹೆಂಡತಿ ಜ್ಞಾನಮ್ಮ, "ಯಾರ್ ಮಡಗವ್ರೋ, ಚೆಲ್ಬುಡಿ ಅತ್ಲಾಗೆ" ಎಂದಳು. ಚೆಲ್ಲಿದೆ. ಒಳಗೆ ಹೋಗಿ ಬರುವಷ್ಟರಲ್ಲಿ ಮತ್ತೆ ತುಂಬಿತ್ತು. ಪಕ್ಕದಲ್ಲಿ ಯಾರೋ ಮಂಡಿಯೂರಿದ ಒದ್ದೆ ಗುರುತು. "ಈಗ ನಿನ್ ಸರದಿ ಕಣ್ಲಾ, ಕಾಲು ನೀಡು" ಎಂಬ ಮಾತು ಕೇಳಿಸಿತು.

ಕಾಲು ತೊಳೆಸಿಕೊಳ್ಳಲು ಶಿಷ್ಯ ಪೇತ್ರನೂ ಮೊದಲು ಒಪ್ಪಲಿಲ್ಲ, ಯೇಸುಸ್ವಾಮಿ ಬಿಡಲಿಲ್ಲ. ನಾನು ಬೇಡವೆನ್ನಲು ಯಾರು? ಚಪ್ಪಲಿ ಬಿಟ್ಟು, ಕಾಲು ನೀಡಿ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ಗಂಟೆ ಹೊಡೆಯಲು ಬೇರೆ ಯಾರಿಗಾದರೂ ಹೇಳಿ. ಚರ್ಚಿನ ಬೀಗದ ಕೈ ಜ್ಞಾನಮ್ಮನ ಹತ್ತಿರ ಇದೆ.

ಒಂದು ಕಾಲು ತೊಳೆದಾಯಿತು. ನಾನಿನ್ನೂ ಮುಖ ನೋಡಿಲ್ಲ.

ನಿಮ್ಮ ಮಾತು ಮೀರದ,
ಸೌರಪ್ಪ