ಫೈವ್ ನೈನ್ ಅನ್ನಬೇಡ

ಅರಸೀಕೆರೆ
8 ಫೆಬ್ರವರಿ 2025

ಪ್ರೀತಿಯ ಕೋಮಲ,

ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನನ್ನದೆಂದು ಗೊತ್ತಾಗಿರುತ್ತದೆ. ಒಡೆಯದೆ ಎರಡು ದಿನ ಮೇಜಿನ ಮೇಲೆ ಇಟ್ಟಿರುತ್ತೀಯ ಎಂದು ನನಗೂ ಗೊತ್ತು. ಫೋನ್ ಮಾಡಬಹುದಿತ್ತು. ಮಾಡದಿರುವುದಕ್ಕೆ ಕಾರಣವಿದೆ. ಧೈರ್ಯ ಬಂದರೆ ಕೊನೆಯಲ್ಲಿ ಬರೆಯುತ್ತೇನೆ.

ಮೊನ್ನೆ ಅಟ್ಟದಿಂದ, ರೇಡಿಯೋ ಮಾತುಕತೆಯನ್ನೆಲ್ಲ ಬರೆದಿಟ್ಟ ಹಳೆಯ ಲಾಗ್ ಪುಸ್ತಕಗಳನ್ನು ಇಳಿಸಿದೆ. ಮೊದಲನೆಯದು 1992ರದು. ಹ್ಯಾಮ್ ರೇಡಿಯೋ ತರಗತಿಗೆ ಸೇರಿದ ಹದಿನೇಳು ಜನರಲ್ಲಿ ಹೆಂಗಸರು ನಾವಿಬ್ಬರೇ. ನೀನು ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಆಗಷ್ಟೇ ಕೆಲಸಕ್ಕೆ ಸೇರಿದ್ದ ವಿಜ್ಞಾನದ ಮೇಡಂ. ನಾನು ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಕೂತು, ರೈಲು ಬರುವ ಹೊತ್ತನ್ನು ಮೈಕಿನಲ್ಲಿ ಹೇಳುತ್ತಿದ್ದವಳು. ಊರಿಗೆಲ್ಲ ನನ್ನ ಮುಖಕ್ಕಿಂತ ದನಿಯೇ ಪರಿಚಯ. ಸಂತೆಯಲ್ಲಿ ಬೆಲೆ ಕೇಳಲು ಬಾಯಿ ತೆರೆದರೆ ಸಾಕು, ಸೊಪ್ಪು ಮಾರುವವಳು ಕತ್ತೆತ್ತಿ, "ಓ, ಗಾಡಿ ಅಮ್ಮೋರು! ಇವತ್ತು ಎಷ್ಟ್ ಲೇಟವ್ವಾ?" ಎನ್ನುತ್ತಿದ್ದಳು. ಒಮ್ಮೆ ಜೊತೆಗೆ ಬಂದಿದ್ದ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ದನಿಯ ಬಗ್ಗೆ ನನಗೆ ಜಂಬವಿತ್ತು. ಇರಲಿಲ್ಲ ಎಂದರೆ ನೀನು ನಂಬುವುದಿಲ್ಲ.

ಮೂವತ್ತೆರಡು ವರ್ಷ, ಅವರವರ ಮನೆಯಲ್ಲಿ ಕೂತೇ ರೇಡಿಯೋದಲ್ಲಿ ಮಾತಾಡಿಕೊಳ್ಳಲು ಬೆಳಿಗ್ಗೆ ಏಳೂಕಾಲು ನಮ್ಮದಾಗಿತ್ತು. ನಿನ್ನ ಮಾತಿನ ಹಿಂದೆ ಕೆರೆಯ ಹಕ್ಕಿಗಳು, ನನ್ನದರ ಹಿಂದೆ ರೈಲಿನ ಕೂಗು. "ಇವತ್ತು ನಿಮ್ಮೂರ ಗಾಡಿ ಹತ್ತು ನಿಮಿಷ ಲೇಟು ಕಣೇ" ಎಂದು ನೀನು ಹಳೇಬೀಡಿನಲ್ಲಿ ಕೂತೇ ಹೇಳುತ್ತಿದ್ದೆ. ನಾವು ಮಾಡಿಕೊಂಡಿದ್ದ ನಿಯಮ ಒಂದೇ. ಉಳಿದವರು ದಾಕ್ಷಿಣ್ಯಕ್ಕೆ ಎಲ್ಲರ ದನಿಗೂ 'ಫೈವ್ ನೈನ್' ಎಂದು ಪೂರ್ತಿ ಅಂಕ ಕೊಡುತ್ತಾರಲ್ಲ, ಹಾಗೆ ನಾವು ಕೊಡಬಾರದು. ಕಿವಿಗೆ ಬಂದದ್ದು ಹೇಗಿದೆಯೋ ಹಾಗೆ ಹೇಳಬೇಕು. ನೀನು ಅದನ್ನು ವ್ರತದಂತೆ ನಡೆಸಿದೆ. "ಬಾಯಲ್ಲಿ ದೋಸೆ ಇಟ್ಕೊಂಡು ಮಾತಾಡ್ಬೇಡ, ನುಂಗಿ ಬಾ, ಕಾಯ್ತೀನಿ" ಎಂದದ್ದು 1996ರ ಪುಸ್ತಕದಲ್ಲಿದೆ. ಅದನ್ನೂ ಬರೆದುಕೊಂಡಿದ್ದೆ.

ಕಳೆದ ಜುಲೈ ಹದಿನಾಲ್ಕರ ಪುಟವೂ ಇದೆ. "ರೇಡಿಯೋ ಚೆನ್ನಾಗೈತೆ ಕಣೇ ವಿಶಾಲು. ಒಡೀತಿರೋದು ನಿನ್ ಗಂಟ್ಲು. ಡಾಕ್ಟರಿಗೆ ತೋರ್ಸು" ಎಂದೆ ನೀನು. ಅದೇ ಅಲೆಯಲ್ಲಿ ಇನ್ನೂ ನಾಲ್ಕು ಜನ ಕೇಳುತ್ತಿದ್ದರು. ನಾನು ಹೆಡ್‌ಫೋನಿನಲ್ಲಿ ನನ್ನ ದನಿಯನ್ನೇ ಕೇಳಿಕೊಳ್ಳುತ್ತ ಮಾತಾಡುವವಳು. ನನ್ನ ಕಿವಿಗೆ ಅದು ಸ್ಟೇಷನ್ನಿನ ಕಾಲದಷ್ಟೇ ತುಂಬಿಕೊಂಡು ಕೇಳುತ್ತಿತ್ತು. "ಮೊದ್ಲು ನಿನ್ ಕಿವಿ ಮಷೀನಿಗೆ ಸೆಲ್ ಹಾಕ್ಸ್ಕೋ ಹೋಗೇ" ಎಂದುಬಿಟ್ಟೆ. ನೀನು ಕಿವಿಗೆ ಮಷೀನು ಹಾಕಿಸಿಕೊಂಡು ಆಗ ತಿಂಗಳೂ ಆಗಿರಲಿಲ್ಲ. ಆ ವಿಷಯ ನನಗೊಬ್ಬಳಿಗೇ ಹೇಳಿದ್ದೆ. ಒಂದು ಗಳಿಗೆ ಕೆರೆಯ ಹಕ್ಕಿಗಳಷ್ಟೇ ಕೇಳಿಸಿದವು. ಆಮೇಲೆ ಅವೂ ನಿಂತವು. ಅವತ್ತಿನಿಂದ ಏಳೂಕಾಲಿಗೆ ನೀನು ಬಂದಿಲ್ಲ.

ತಪ್ಪಿದ್ದರೂ ಸೆಟ್ಟಿನದೇ ಇರಬೇಕೆಂದು ನಾನು ಮೈಕು ಬದಲಾಯಿಸಿದೆ. ವೈರು ಬದಲಾಯಿಸಿದೆ. ಮರ ಹತ್ತುವವನನ್ನು ಕರೆಸಿ ಆಂಟೆನಾವನ್ನು ಇನ್ನೊಂದು ತೆಂಗಿಗೆ ಎತ್ತಿಸಿ ಕಟ್ಟಿಸಿದೆ. ರೇಡಿಯೋದಲ್ಲಿ ಬೇಲೂರಿನ ರಾಜಶೇಖರ್ ದಿನವೂ ಫೈವ್ ನೈನ್ ಕೊಡುತ್ತಿದ್ದ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ನಾನು ಹೇಳಿದ್ದನ್ನು ಮೂರು ಸಲ ತಿರುಗಿ ಕೇಳಿದ. ಮೂರನೆಯ ಸಲವೂ ಅರ್ಥವಾಗದೆ, "ಫೈವ್ ನೈನ್ ಮೇಡಂ, ಮುತ್ತಿನಂಥ ವಾಯ್ಸು" ಎಂದ. ಅವತ್ತು ಸಂಶಯ ಬಂತು.

ತನ್ನ ದನಿ ತನಗೆ ತಲೆಬುರುಡೆಯ ಒಳಗಿನಿಂದಲೂ ಕೇಳುತ್ತದೆ, ಹಾಗಾಗಿ ಅದರ ವಿಷಯದಲ್ಲಿ ತನ್ನ ಕಿವಿಯ ಸಾಕ್ಷಿ ನಡೆಯುವುದಿಲ್ಲ ಎಂದು ನೀನು ಎಷ್ಟು ಸಲ ಹೇಳಿದ್ದೆ. ನಮ್ಮ ಮನೆಯವರ ಕೈಗೆ ಸಣ್ಣ ರಿಸೀವರ್ ಕೊಟ್ಟು ತೋಟಕ್ಕೆ ಕಳಿಸಿ, ನಾನು ಇಲ್ಲಿ ಮಾತಾಡುವಾಗ ಅದರಲ್ಲಿ ಬಂದದ್ದನ್ನು ಮೊಬೈಲಿನಲ್ಲಿ ಹಿಡಿದು ತನ್ನಿ ಎಂದೆ. ತಂದರು. ಕೇಳಿದರೆ, ಯಾರೋ ಮುದುಕಿ ಕೊರಕಲು ದನಿಯಲ್ಲಿ ಮಾತಾಡುತ್ತಿದ್ದಳು. ನನ್ನ ಮಾತಿಗೆ ಅಡ್ಡ ಬಂದವರು ಯಾರು ಎಂದೆ. ಅವರು ಮೊಬೈಲಿನ ಕಡೆಯೇ ನೋಡುತ್ತ, "ನೀನೇ ಕಣೇ. ದಿನಾ ಹಿಂಗೇ ಮಾತಾಡ್ತೀಯ" ಎಂದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಕೋಮಲ ಹೇಳಿದ್ದಕ್ಕೆ ಏನಾಯ್ತು ಅಂತ ನೋಡಿದ್ನಲ್ಲ" ಎಂದರು.

ಹಾಸನದ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ಧ್ವನಿತಂತುವಿನ ಮೇಲೆ ಗಂಟು ಬೆಳೆದಿದೆ, ತೆಗೆಯಬೇಕು, ತೆಗೆದ ಮೇಲೆ ದನಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದರು. ಯಾವಾಗಿನಿಂದ ಹೀಗಿದೆ ಎಂದು ಕೇಳಿದರು. ಒಂದು ತಿಂಗಳಿಂದ ಎಂದೆ. ಸುಳ್ಳು. ಸರಿಯಾದ ತಾರೀಕು ನನ್ನ ಕೈಬರಹದಲ್ಲೇ ಇತ್ತು.

ನಿನ್ನ ಕಿವಿ ಸರಿಯಾಗಿತ್ತು ಕೋಮಲ. ಇದನ್ನು ಕಾಗದದಲ್ಲಿ ನಿನಗೊಬ್ಬಳಿಗೇ ಹೇಳಿ ಮುಗಿಸುವುದು ನ್ಯಾಯವಲ್ಲ. ನಾನು ಆ ಮಾತು ಆಡಿದ್ದು ನಾಲ್ಕು ಜನರ ಮುಂದೆ. ತಪ್ಪಾಯಿತು ಎಂದು ಹೇಳುವುದೂ ಅಲ್ಲೇ ಆಗಬೇಕು.

ನಿನ್ನ
ವಿಶಾಲು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆಪರೇಷನ್ ಜನವರಿ ಇಪ್ಪತ್ತೆಂಟಕ್ಕೇ ಆಯಿತು. ಕೆಟ್ಟ ಗಂಟು ಅಲ್ಲವಂತೆ, ರಿಪೋರ್ಟು ಬಂದಿದೆ. ಮುಂಚೆಯೇ ತಿಳಿಸಿದ್ದರೆ ನೀನು ಕನಿಕರಪಟ್ಟು ಓಡಿ ಬರುತ್ತಿದ್ದೆ, ನನಗೆ ಅದು ಬೇಡವಾಗಿತ್ತು. ಅವತ್ತಿನಿಂದ ಒಂದು ಮಾತೂ ಆಡಿಲ್ಲ, ಮನೆಯಲ್ಲಿ ಸ್ಲೇಟು ಹಿಡಿದು ಓಡಾಡುತ್ತಿದ್ದೇನೆ. ಹದಿನೇಳನೇ ತಾರೀಕು ಸೋಮವಾರದಿಂದ ದಿನಕ್ಕೆ ಐದು ನಿಮಿಷ ಮಾತಾಡಬಹುದಂತೆ. ಮೊದಲ ಮಾತು ತಮಗೇ ಎಂದು ನಮ್ಮ ಮನೆಯವರು ಕಾದಿದ್ದಾರೆ. ಆಗುವುದಿಲ್ಲ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಏಳೂಕಾಲಿಗೆ ಹೆಡ್‌ಫೋನ್ ಪಕ್ಕಕ್ಕಿಟ್ಟು ರೇಡಿಯೋದಲ್ಲಿ ನಿನ್ನನ್ನು ಕರೆಯುತ್ತೇನೆ. ಮಷೀನು ಹಾಕಿಕೊಂಡು ಕೂತಿರು. ನನ್ನ ದನಿ ಉಳಿದಿದೆಯೋ ಇಲ್ಲವೋ, ನೀನು ಹೇಳಿದ ಮೇಲೆ ನಂಬುತ್ತೇನೆ.