ಗೌಡರ ಜೀಪಿನ ಟೈಮಿಂಗ್

ಮದ್ದೂರು

ಚಿಕ್ಕಲಿಂಗೇಗೌಡರಿಗೆ ನಮಸ್ಕಾರ.

ನಿಮ್ಮ ಜೀಪು ರಿಪೇರಿಯಾಗಿದೆ. ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ ಮೇಲೆ ಕಿಡಿ ಹೊತ್ತುವ ಟೈಮಿಂಗ್ ಇನ್ನೂ ಕೂಡಿರಲಿಲ್ಲ. ಅದಕ್ಕೇ ಸ್ಟಾರ್ಟ್ ಮಾಡಿದಾಗ ಎಂಜಿನ್ ಬೆಂಕಿ ಉಗುಳಿತು. "ವಸಿ ತಡೀರಿ ಗೌಡ್ರೇ, ಸರಿ ಮಾಡ್ತೀನಿ" ಎಂದ ನಮ್ಮ ಯಜಮಾನರ ದವಡೆಗೆ ನೀವು ಜಾಕ್ ರಾಡಿನಿಂದ ಹೊಡೆದಿರಿ. ಬಿದ್ದವರ ಬಲಗೈಯನ್ನು ಬೂಟಿನಲ್ಲಿ ತುಳಿದಿರಿ. "ಬುಡಿ, ಸತ್ತೋಯ್ತಾರೆ" ಎಂದು ನಾನು ಕಾಲು ಹಿಡಿದರೂ ಮತ್ತೆ ಹೊಡೆದಿರಿ.

ಅವರು ಮಂಡ್ಯದ ಆಸ್ಪತ್ರೆಯಲ್ಲಿದ್ದಾರೆ. ದವಡೆಗೆ ತಂತಿ ಕಟ್ಟಿದ್ದಾರೆ, ಮೂರು ಬೆರಳು ತೆಗೆದಿದ್ದಾರೆ.

ಅವರ ಜೊತೆ ಷೆಡ್ಡಿನಲ್ಲಿ ದುಡಿದವಳು ನಾನು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತುಸುತುಸುವೇ ತಿರುಗಿಸಿ ಟೈಮಿಂಗ್ ಕೂಡಿಸಿದೆ. ಜೀಪನ್ನು ನಾನೇ ಓಡಿಸಿಕೊಂಡು ಹೋಗಿ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದ್ದೇನೆ. ಕೀ ಇನ್‌ಸ್ಪೆಕ್ಟರ್ ಹತ್ತಿರ ಇದೆ. ಬರುವಾಗ ವಕೀಲರನ್ನೂ ಕರೆದುಕೊಂಡು ಬನ್ನಿ.

ಇಂತಿ,
ಚಂದನ
ಮೆಕ್ಯಾನಿಕ್ ಅಪ್ಪು ಅವರ ಹೆಂಡತಿ